ಹೂಂ ಅನ್ನಬೇಡ

ಚಿಕ್ಕಜಾಜೂರು
೧೪ ಏಪ್ರಿಲ್ ೨೦೨೪

ಸ್ವಾತಿ,

ಕಾಗದದ ಮೊದಲ ಸಾಲಿನಲ್ಲಿ 'ನಾನು ಕ್ಷೇಮ' ಎಂದು ಬರೆಯಬೇಕು ಅಂತ ಸಾಕ್ಷರತೆಯ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದರು. ಬರೆಯುವುದಿಲ್ಲ. ನೀನು ವಿಮಾನ ಹತ್ತಿದಾಗಿನಿಂದ ಮಾಡಿದ ಮುದ್ದೆ ತಟ್ಟೆಯಲ್ಲೇ ಆರುತ್ತಿದೆ. ಇದಕ್ಕೆ ಕ್ಷೇಮ ಅನ್ನಲೇನು?

ಫೋನಿರುವಾಗ ಕಾಗದ ಯಾಕೆ ಎಂದು ನಗಬೇಡ. ಫೋನಿನಲ್ಲಿ ನೀನು 'ಚೆನ್ನಾಗಿದೀನಿ ಕಣವ್ವ' ಅನ್ನುತ್ತೀಯ, ನಾನು 'ಹೂಂ' ಅನ್ನುತ್ತೇನೆ. ನಾನು 'ಉಂಡ್ಯಾ' ಅಂದರೆ ನೀನು 'ಹೂಂ' ಅನ್ನುತ್ತೀಯ. ಇಬ್ಬರೂ ಸುಳ್ಳು ಹೇಳಿ ಫೋನಿಡುತ್ತೇವೆ. ಕಾಗದದಲ್ಲಿ ಬರೀ ಹೂಂ ಎಂದು ಬರೆದು ಮುಗಿಸಲು ಬರುವುದಿಲ್ಲ. ಬರೆದು, ಫೋಟೋ ಹೊಡೆದು ಕಳಿಸುತ್ತೇನೆ. ನೀನೂ ಹಾಗೇ ಮಾಡು.

ನಿನ್ನ ಕೆಲಸಕ್ಕೆ ನಾನು ಹೆದರಿದವಳಲ್ಲ. ಐಟಿಐ ಮುಗಿಸಿ ಚಿತ್ರದುರ್ಗದ ಗುಡ್ಡದ ಮೇಲೆ ಗಾಳಿಯಂತ್ರ ಹತ್ತಿದೆಯಲ್ಲ, ಅವತ್ತು ಊರೇ ಬಾಯಿ ಬಡಿದುಕೊಂಡಿತು, 'ರಂಗಕ್ಕನ ಮಗ್ಳು ಕಂಬ ಹತ್ತೈತಂತೆ' ಅಂತ. ನಾನು ಶಾಲೆಯ ಅಡುಗೆಕೋಣೆಯಲ್ಲಿ ಬಿಸಿಯೂಟದ ಸಾರು ತಿರುವುತ್ತಾ ಹೇಳಿದ್ದೆ: 'ಹತ್ಲಿ ಬಿಡ್ರಿ. ನಮ್ಮೋರು ಬಗ್ಗಿದ್ದು ಸಾಕು.' ಅಲ್ಲಿ ನಿನಗೆ ಹೇಳುವವನು ಕನ್ನಡದಲ್ಲಿ ಹೇಳುತ್ತಿದ್ದ. ಈ ಚಿಲಿ ದೇಶದಲ್ಲಿ ಸ್ಪ್ಯಾನಿಷ್‌ನಲ್ಲಿ ಹೇಳುತ್ತಾರೆ. ನನ್ನ ಭಯ ಅದೊಂದೇ.

ನಿನ್ನಪ್ಪ ಕ್ವಾರಿಯಲ್ಲಿ ಮದ್ದು ಹಾರಿ ಸತ್ತ ಎಂದಷ್ಟೇ ನಿನಗೆ ಹೇಳಿದ್ದೇನೆ. ಪೂರ್ತಿ ಕೇಳು. ಅವತ್ತು ಮದ್ದು ಹಾರಿಸಲು ಬಂದ ಮೇಸ್ತ್ರಿ ಹೊಸಬ, ಹಿಂದಿಯವನು. ಬಂಡೆಯ ತೂತುಗಳಿಗೆ ಮದ್ದು ತುಂಬಿ ಹಾರಿಸಿದ್ದಾರೆ. ಒಂದು ತೂತು ಮಾತ್ರ ಹಾರಲಿಲ್ಲ. ಮೇಸ್ತ್ರಿ ತನ್ನ ಭಾಷೆಯಲ್ಲಿ ಕೂಗಿದ್ದಾನೆ, ಇನ್ನೂ ಒಂದು ಉಳಿದಿದೆ, ಹೋಗಬೇಡ ಅಂತ. ನಿನ್ನಪ್ಪ ಪಾಪಣ್ಣನಿಗೆ ಒಂದಕ್ಷರ ತಿಳಿದಿಲ್ಲ. ಆದರೂ ತಲೆಯಾಡಿಸಿ 'ಹೂಂ ಸಾಬ್' ಅಂದಿದ್ದಾನೆ. ಅಂದು, ಸುತ್ತಿಗೆ ಹಿಡಿದು ಸೀದಾ ಬಂಡೆಯ ಹತ್ತಿರ ಹೋಗಿದ್ದಾನೆ. ಜೊತೆಯಲ್ಲಿದ್ದ ಬೋರಣ್ಣ ಬಂದು ಹೇಳಿದ್ದು ಇದು. ಕ್ವಾರಿ ಮಾಲೀಕ ಏನು ಹೇಳಿದ ಗೊತ್ತಾ? 'ಬ್ಯಾಡ ಅಂದ್ವಿ. ಹೂಂ ಅಂದ. ಅಂದ್ಮೇಲೂ ಹೋದ.' ತಪ್ಪನ್ನೆಲ್ಲ ಹೆಣದ ತಲೆಗೇ ಕಟ್ಟಿಬಿಟ್ಟ.

ನಿಮ್ಮಜ್ಜ ಗೌಡರ ಕಣದಲ್ಲಿ ದುಡಿಯುವಾಗ 'ತಿಳೀಲಿಲ್ಲ ಗೌಡ್ರೆ' ಅಂದರೆ ಒದೆ ಬೀಳುತ್ತಿತ್ತು. 'ಆಗ್ಲಿ ಗೌಡ್ರೆ' ಅಂದರೆ ಆ ಹೊತ್ತಿಗಾದರೂ ಬೀಳುತ್ತಿರಲಿಲ್ಲ. ಹಾಗೆ ಕಲಿತ ಮಾತು ಅದು. ಮಗನಿಗೆ ಹೊಲ ಕೊಡಲಾಗಲಿಲ್ಲ, ಆ ಮಾತು ಕೊಟ್ಟ. ನೀನೂ ಅವನ ಮೊಮ್ಮಗಳೇ. ಶಾಲೆಯಲ್ಲಿ ಮೇಷ್ಟ್ರು 'ತಿಳೀತಾ' ಎನ್ನುವುದೇ ತಡ, ಎಲ್ಲರಿಗಿಂತ ಮೊದಲು ನಿನ್ನ ತಲೆ ಆಡುತ್ತಿತ್ತು. ಅಡುಗೆಕೋಣೆಯ ಕಿಟಕಿಯಿಂದ ನೋಡಿದ್ದೇನೆ.

ಆ ಭಾಷೆಯಲ್ಲಿ ಹೂಂ ಅನ್ನುವುದಕ್ಕೆ ಏನಂತಾರೋ ಗೊತ್ತಿಲ್ಲ. ಅದನ್ನು ಎಲ್ಲಕ್ಕಿಂತ ಕಡೆಗೆ ಕಲಿ.

ಬೀದಿಯಲ್ಲಿ ಜಯಂತಿಗೆ ನೀಲಿ ಬಾವುಟ ಕಟ್ಟುತ್ತಿದ್ದಾರೆ. ಹೋಗಬೇಕು.

ನಿನ್ನ ಅವ್ವ,
ರಂಗಕ್ಕ


ಕಲಾಮ, ಚಿಲಿ
೨೮ ಏಪ್ರಿಲ್ ೨೦೨೪

ಅವ್ವ,

ಹೂಂ ಅನ್ನುವುದಕ್ಕೆ ಇಲ್ಲಿ 'ಸಿ' ಅಂತಾರೆ. ಏನು ಮಾಡಲಿ, ನಾನು ಕಲಿತ ಮೊದಲ ಮಾತೇ ಅದು.

ನೀನು ಸುಮ್ಮನೆ ಹೆದರುತ್ತೀಯ. ಇದು ಮರಳುಗಾಡು. ಒಂದು ಹುಲ್ಲುಕಡ್ಡಿ ಇಲ್ಲ. ನಮ್ಮ ಗುಡ್ಡದಲ್ಲಿ ಕುರಿಯಾದರೂ ಕಾಣುತ್ತಿತ್ತು, ಇಲ್ಲಿ ಗಾಳಿಯಂತ್ರ ಬಿಟ್ಟರೆ ಆಕಾಶ. ಕ್ಯಾಂಪಿನಲ್ಲಿ ಊಟ, ಬಿಸಿನೀರು, ಮಲಗಲು ಕೋಣೆ ಎಲ್ಲ ಇದೆ. ಫೋನು ಸಿಗುವುದು ಊಟದ ಕೋಣೆಯಲ್ಲಿ ಮಾತ್ರ, ಅದೂ ಭಾನುವಾರ ಚೆನ್ನಾಗಿ ಸಿಗುತ್ತದೆ. ಕನ್ನಡ ಮಾತಾಡಲು ಹೊಸದುರ್ಗದ ಕಲ್ಲೇಶ್ ಇದ್ದಾನೆ, ನಮ್ಮ ಗುಡ್ಡದಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದನಲ್ಲ, ಅವನೇ. ಮೊದಲ ದಿನ ಇವರ ಮಾತು ಕೇಳಿ ಅವನು ಅಂದ: 'ಲೇ ಸ್ವಾತಿ, ಇವ್ರು ಮಾತಾಡ್ತಾರೋ ಮಂಡಕ್ಕಿ ಹುರೀತಾರೋ?' ಬಾಂಡಲಿಯಲ್ಲಿ ಸಿಡಿದ ಹಾಗೇ ಇರುತ್ತದೆ ಅವ್ವ, ನಡುವೆ ಉಸಿರೇ ಇಲ್ಲ.

ಬರುವ ಮುಂಚೆ ಕಂಪನಿಯವರು ಪಾಠ ಹೇಳಿಸಿದ್ದರು. ಈಗ ಫೋನಿನಲ್ಲೂ ಕಲಿಯುತ್ತಿದ್ದೇನೆ. ಬೆಕ್ಕು ಹಾಲು ಕುಡಿಯುತ್ತದೆ ಎನ್ನಲು ಬರುತ್ತದೆ. ಹಸಿರು ಕುದುರೆ ಎನ್ನಲು ಬರುತ್ತದೆ. ಕೆಲಸದ ಮಾತೆಲ್ಲ ಅರ್ಥವಾಗುತ್ತಿದೆ. ಚಿಂತೆ ಬಿಡು.

ಸ್ವಾತಿ


ಚಿಕ್ಕಜಾಜೂರು
೨ ಜೂನ್ ೨೦೨೪

ಸ್ವಾತಿ,

ಕಲ್ಲೇಶನ ತಾಯಿ ಮಹಾದೇವಮ್ಮ ಫೋನು ಮಾಡಿದ್ದರು. ನನ್ನ ನಂಬರು ಎಲ್ಲಿಂದ ಹುಡುಕಿದರೋ. ಆ ದೊಡ್ಡ ಮನೆಯ ಹೆಂಗಸು ನನ್ನ ಹತ್ತಿರ ಅತ್ತುಬಿಟ್ಟರು. 'ಭುಜದ ಮೂಳೆ ಮುರ್ಕಂಡೈತಂತೆ ರಂಗಕ್ಕ, ಜಾರಿ ಬಿದ್ದೆ ಅಂತಾನೆ, ನಿಮ್ ಮಗಳು ಏನಾರ ಹೇಳಿದ್ಲಾ?'

ಹಸಿರು ಕುದುರೆಯ ಕಥೆ ಹೇಳಿದ್ದಳು ಅನ್ನಲೇ?

ಏನಾಯಿತು, ಬರಿ. ಇನ್ನೊಂದು ಸುಳ್ಳು ಬರೆದರೆ ಫೋನನ್ನೇ ಒಲೆಗೆ ಹಾಕುತ್ತೇನೆ.

ರಂಗಕ್ಕ


ಕಲಾಮ
೯ ಜೂನ್ ೨೦೨೪

ಅವ್ವ,

ಕಲ್ಲೇಶ್ ಜಾರಿ ಬೀಳಲಿಲ್ಲ.

ಗಾಳಿಯಂತ್ರದ ಗೋಪುರದ ತುದಿಯಿಂದ ಸಾಮಾನಿನ ಚೀಲವನ್ನು ಸರಪಳಿಗೆ ಕಟ್ಟಿ ಇಳಿಸುತ್ತಾರೆ. ಇಳಿಸುವ ಮುಂಚೆ ಮೇಲಿನವರು ವಾಕಿಟಾಕಿಯಲ್ಲಿ ಕೇಳಬೇಕು, ಕೆಳಗೆ ಜಾಗ ಖಾಲಿ ಇದೆಯಾ ಅಂತ. ಕೆಳಗಿನವರು ನೋಡಿ ಹೇಳಬೇಕು. ಅವತ್ತು ಕೆಳಗಿನಿಂದ ವಾಕಿಟಾಕಿಯಲ್ಲಿ ಉತ್ತರ ಕೊಡಬೇಕಾದವಳು ನಾನು. ಗಾಳಿ ಕಿವಿಗೆ ಬಡಿಯುತ್ತಿತ್ತು. ಮೇಲಿಂದ ನಮ್ಮ ಮೇಲ್ವಿಚಾರಕ ರೊಡ್ರಿಗೊ ಏನೋ ಕೇಳಿದ. ಒಂದು ಮಾತೂ ತಲೆಗೆ ಹತ್ತಲಿಲ್ಲ. 'ಸಿ' ಅಂದೆ. ಇನ್ನೇನೋ ಕೇಳಿದ. 'ಸಿ, ಸಿ' ಅಂದೆ. ಕಲ್ಲೇಶ್ ಗೋಪುರದ ಬುಡದಲ್ಲಿ ಬಗ್ಗಿ ತನ್ನ ನೀರಿನ ಬಾಟಲಿ ಎತ್ತಿಕೊಳ್ಳುತ್ತಿದ್ದ. ನನ್ನ ಕಣ್ಣೆದುರಿಗೇ ಇದ್ದ ಅವ್ವ. ಅವನನ್ನು ನೋಡುತ್ತಲೇ 'ಸಿ' ಅಂದೆ.

ಕೆಳಗೆ ಬರುಬರುತ್ತಾ ಚೀಲ ಗಾಳಿಗೆ ತೂಗಿತು. ತೂಗಿ ಬಂದು ಅವನ ಭುಜಕ್ಕೆ ಹೊಡೆಯಿತು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಒಂದು ಗೇಣು ಈಚೆ ಬಂದಿದ್ದರೆ ಅದು ಅವನ ಕುತ್ತಿಗೆ.

ಆಸ್ಪತ್ರೆಯಲ್ಲಿ ಕಲ್ಲೇಶ್ ಹೇಳಿದ: 'ಅವ್ವಂಗೆ ಜಾರಿ ಬಿದ್ದೆ ಅಂದಿದೀನಿ. ನೀನೂ ಹಂಗೇ ಅನ್ನು. ನನ್ ಸೊಂಟದಾಗೂ ವಾಕಿಟಾಕಿ ಇತ್ತು ಕಣೆ, ಅವ್ನು ಕೂಗಿದ್ದು ನಂಗೂ ಕೇಳಿಸ್ತು. ನಂಗೇನ್ ತಿಳೀತು, ಮಣ್ಣು.' ಹೇಳಿ ನಗಲು ಹೋದ, ನೋವಿಗೆ ಅತ್ತ.

ನನಗೆ ಭಯ ಹುಟ್ಟಿದ್ದು ಅವತ್ತಲ್ಲ ಅವ್ವ, ಮಾರನೆಯ ಬೆಳಿಗ್ಗೆ. ರೊಡ್ರಿಗೊ ನನ್ನ ಹತ್ತಿರ ಬಂದು ಮೆಲ್ಲಗೆ ಏನೋ ಕೇಳಿದ. ನನಗೆ ಅರ್ಥವಾಗಲಿಲ್ಲ. ನನ್ನ ಬಾಯಿ ತಾನಾಗಿಯೇ 'ಸಿ' ಅಂದಿತು. ನನ್ನನ್ನು ಕೇಳದೆಯೇ ಅಂದಿತು. ಆಗಿನಿಂದ ನನ್ನ ಬಾಯಿ ಕಂಡರೆ ನನಗೇ ಹೆದರಿಕೆ.

ಸ್ವಾತಿ


ಚಿಕ್ಕಜಾಜೂರು
೧೬ ಜೂನ್ ೨೦೨೪

ಸ್ವಾತಿ,

ಬಂದುಬಿಡು. ಇದನ್ನು ಬಿಸಿಯೂಟದವರ ಸಂಘದ ರಂಗಕ್ಕ ಬರೆಯುತ್ತಿಲ್ಲ, ಹೆತ್ತವಳು ಬರೆಯುತ್ತಿದ್ದಾಳೆ. ಧರಣಿಯಲ್ಲಿ ಮೈಕು ಹಿಡಿದು 'ಎದೆಗುಂದಬೇಡಿ' ಅಂತ ಕೂಗುತ್ತೇನಲ್ಲ, ಆ ಹೆಂಗಸು ಎಲ್ಲಿ ಹೋದಳೋ ಗೊತ್ತಿಲ್ಲ. ನಿನ್ನ ಕಾಗದ ಓದಿದ ಮೇಲೆ ರೈಲಿನ ಕೂಗು ಕೇಳಿದರೂ ಎದ್ದು ಬಾಗಿಲಿಗೆ ಓಡುತ್ತೇನೆ. ಫೋನು ಬಡಿದುಕೊಂಡರೆ ಮುಟ್ಟಲು ಕೈ ಬರುವುದಿಲ್ಲ. ಕ್ವಾರಿಯಿಂದ ಬೋರಣ್ಣ ಓಡಿ ಬಂದನಲ್ಲ, ಅವನ ಕಾಲಿನ ಸದ್ದೇ ಕೇಳುತ್ತದೆ.

ಬುಧವಾರ ಹೊಸದುರ್ಗಕ್ಕೆ ಹೋಗಿದ್ದೆ, ಮಹಾದೇವಮ್ಮನ ಮನೆಗೆ. ನಿಜ ಹೇಳಬೇಕು ಅಂತಲೇ ಹೋದೆ. ನಡುಮನೆಗೆ ಕರೆದು ಕೂರಿಸಿದರು. ಅಂಥ ಮನೆಗಳಲ್ಲಿ ನಾವು ಜಗಲಿ ದಾಟಿದ್ದಿಲ್ಲ. ಅವರ ಮಗನ ಮೂಳೆ ಮುರಿದ ಮೇಲೆ ನಮಗೆ ಬಾಗಿಲು ತೆರೆಯಿತು. ಆ ಸಿಟ್ಟು ನನ್ನ ಹೊಟ್ಟೆಯಲ್ಲಿತ್ತು, ಇರಲಿ. ಹೇಳಿದೆ: 'ನನ್ ಮಗ್ಳು ತಿಳೀದೆ ಹೂಂ ಅಂದ್ಳು. ಅದಕ್ಕೇ ನಿಮ್ ಮಗಂಗೆ ಪೆಟ್ಟಾತು.'

ಆಯಮ್ಮ ಎದ್ದು ನಿಂತರು. ಹೊರಗೆ ಹೋಗು ಅನ್ನುತ್ತಾರೆ ಅಂದುಕೊಂಡೆ. ಪಕ್ಕದಲ್ಲಿ ಬಂದು ಕೂತು ಅಂದರು: 'ನಿಮ್ಮೋರಿಗೆ ಒದೆ ಅಂಜಿಕೆ ರಂಗಕ್ಕ. ನಮ್ಮೋರಿಗೆ ನಾಚ್ಕೆ. ತಿಳೀಲಿಲ್ಲ ಅಂದ್ರೆ ಮರ್ವಾದೆ ಹೋತದೆ ಅಂತಾನೆ ನಮ್ಮ ಕಲ್ಲೇಶಿ, ಸಣ್ಣೋನಿದ್ದಾಗ್ಲಿಂದ.' ಆಮೇಲೆ ನನ್ನ ಕೈ ಹಿಡಿದುಕೊಂಡು, 'ಇಬ್ರನ್ನೂ ಕರಿಸ್ಕಳಾಣ, ಏನಂತೀರಿ?' ಅಂದರು.

ನಾನು ಏನಂದೆ ಗೊತ್ತಾ? 'ಹೂಂ' ಅಂದೆ. ಈ ಸಲ ತಿಳಿದೇ ಅಂದೆ. ಬಾ.

ನಿನ್ನ ಅವ್ವ


ಕಲಾಮ
೧೪ ಜುಲೈ ೨೦೨೪

ಅವ್ವ,

ಕಲ್ಲೇಶ್ ಬರುತ್ತಿದ್ದಾನೆ. ವಿಮಾನ ಹತ್ತಿಸಿ ಬಂದೆ. ಈಗ ಇಲ್ಲಿ ಕನ್ನಡ ಮಾತಾಡಲು ಯಾರೂ ಇಲ್ಲ.

ನಾನು ಬರುವುದಿಲ್ಲ. ಹಟ ಅಲ್ಲ. ಈಗ ಓಡಿ ಬಂದರೆ ಚಿತ್ರದುರ್ಗದ ಗುಡ್ಡದ ಮೇಲೂ ನಾನು ಹೂಂ ಅನ್ನುವವಳೇ. ಅಲ್ಲಿಯೂ ಎಂಜಿನಿಯರು ಇಂಗ್ಲಿಷಿನಲ್ಲಿ ಹೇಳಿದಾಗ ಅರ್ಧ ತಿಳಿದು, ಅರ್ಧ ತಿಳಿಯದೆ ತಲೆಯಾಡಿಸಿದ್ದೇನೆ. ಅಲ್ಲಿ ಯಾರ ಮೇಲೂ ಚೀಲ ಬೀಳಲಿಲ್ಲ, ಅಷ್ಟೇ.

ಇಲ್ಲಿ ನಿನ್ನಂಥವಳೊಬ್ಬಳು ಸಿಕ್ಕಿದ್ದಾಳೆ. ಮಾರ್ತಾ ಅಂತ, ಕ್ಯಾಂಪಿನಲ್ಲಿ ಅಡುಗೆಯವಳು. ನಿನ್ನ ಹಾಗೇ ಸೌಟು ಹಿಡಿದರೆ ಎದುರಿಗಿದ್ದವರು ನೆಟ್ಟಗೆ ನಿಲ್ಲಬೇಕು. ಆಯ್ಮಾರಾ ಅಂತ ಈ ಬೆಟ್ಟಗಳ ಮೂಲದ ಜನ ಅವಳದು. ಅವಳ ಅಜ್ಜಿ ಶಾಲೆಯಲ್ಲಿ ಆಯ್ಮಾರಾ ಮಾತಾಡಿದ್ದಕ್ಕೆ ಏಟು ತಿಂದು ಸ್ಪ್ಯಾನಿಷ್ ಕಲಿತಳಂತೆ. 'ನಾವೂ ಈ ಭಾಷೆಯನ್ನು ಹೆದರಿಕೊಂಡೇ ಕಲಿತೆವು' ಅಂದಳು. ಗೌಡರ ಕಣ ಎಲ್ಲ ದೇಶದಲ್ಲೂ ಇದೆ ಅವ್ವ.

ಅವಳ ಪಾಠ ಹೇಗೆ ಗೊತ್ತಾ? ತಟ್ಟೆ ಹಿಡಿದು ನಿಲ್ಲುತ್ತೇನೆ. ಸ್ಪ್ಯಾನಿಷ್‌ನಲ್ಲಿ ಮಾತಾಡುತ್ತಾ ಮಾತಾಡುತ್ತಾ ನಡುವೆ ಬೇಕೆಂದೇ ಆಯ್ಮಾರಾ ಸೇರಿಸುತ್ತಾಳೆ. ಸೇರಿಸಿ, 'ತಿಳಿಯಿತಾ?' ಅನ್ನುತ್ತಾಳೆ. ನಾನು 'ಸಿ' ಅಂದರೆ ಸೌಟು ವಾಪಸ್ ಪಾತ್ರೆಗೆ ಹೋಗುತ್ತದೆ! 'ನೋ ಎಂತೆಂದಿ' ಅನ್ನಬೇಕು. ತಿಳಿಯಲಿಲ್ಲ ಅಂತ. ಆಮೇಲೆ 'ರೆಪಿತಾ' ಅನ್ನಬೇಕು. ಇನ್ನೊಮ್ಮೆ ಹೇಳಿ ಅಂತ. ಆಗ ಅನ್ನ ಬೀಳುತ್ತದೆ. ಮೊದಲ ವಾರ ಹಿಂದೆ ನಿಂತವರು ಗೊಣಗುತ್ತಿದ್ದರು, ನನ್ನಿಂದ ಎಲ್ಲರ ಊಟ ತಡ.

ಮಾರ್ತಾಳ ಮುಂದೆ ಅನ್ನಲು ಬರುತ್ತದೆ. ರೊಡ್ರಿಗೊ ಮುಂದೆ ಇನ್ನೂ ನಾಲಗೆ ಏಳುವುದಿಲ್ಲ. ಇಷ್ಟು ದಿನ ನನ್ನನ್ನು ಸಾಮಾನು ಕೋಣೆಯಲ್ಲಿ ಇಟ್ಟಿದ್ದರು. ಇನ್ನು ಮತ್ತೆ ವಾಕಿಟಾಕಿ ಕೊಡುತ್ತಾರಂತೆ. ಮೇಲೆ ಹತ್ತುವುದಕ್ಕೆ ನನಗೆ ಹೆದರಿಕೆಯಿಲ್ಲ. ಕೆಳಗೆ ನಿಂತು ಆ ಕರಿ ಡಬ್ಬಿ ಹಿಡಿಯುವುದಕ್ಕೇ ಹೆದರಿಕೆ.

ಸ್ವಾತಿ


ಚಿಕ್ಕಜಾಜೂರು
೧೮ ಆಗಸ್ಟ್ ೨೦೨೪

ಸ್ವಾತಿ,

ಒಂದು ತಿಂಗಳಿಂದ ಕಾಗದ ಇಲ್ಲ. ಫೋನಿನಲ್ಲಿ 'ಕೆಲ್ಸ ಜಾಸ್ತಿ ಕಣವ್ವ' ಅನ್ನುತ್ತೀಯ. ನಾನು ಹೂಂ ಅನ್ನುತ್ತೇನೆ. ಮತ್ತೆ ಅಲ್ಲಿಗೇ ಬಂದೆವಲ್ಲ.

ಕಲ್ಲೇಶ್ ಕೈಗೆ ಜೋಳಿಗೆ ಕಟ್ಟಿಕೊಂಡು ಬಂದು ನೋಡಿ ಹೋದ. ನೀನು ಹೇಗಿದ್ದೀಯ ಅಂದರೆ, 'ಅವ್ಳು ಗಟ್ಟಿಗಿತ್ತಿ ಬಿಡ್ರಿ' ಅಂದ. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಮೊನ್ನೆ ಸಂಘದ ಸಭೆಗೆ ದುರ್ಗಕ್ಕೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಗುಡ್ಡದ ಗಾಳಿಯಂತ್ರ ಕಂಡವು. ಎಲ್ಲ ತಿರುಗುತ್ತಿದ್ದವು, ಒಂದು ನಿಂತಿತ್ತು. ಯಾಕೆ ನಿಂತಿದೆ? ರಿಪೇರಿಯೋ, ಒಳಗೆ ಯಾರಿಗಾದರೂ ಏನಾದರೂ ಆಯಿತೋ? ಪಕ್ಕದಲ್ಲಿ ಕೂತಿದ್ದ ಚಿತ್ತಮ್ಮ 'ಯಾಕ್ ರಂಗಕ್ಕ ಬೆವೀತೀಯ' ಅಂದಳು. ಗುಡ್ಡ ಮರೆಯಾಗುವವರೆಗೂ ಅದೊಂದನ್ನೇ ನೋಡಿದೆ. ಅದು ತಿರುಗಲಿಲ್ಲ.

ಎರಡು ಸಾಲಾದರೂ ಬರಿ. ನಿಜವಾದವು.

ಅವ್ವ


ಕಲಾಮ
೨೫ ಆಗಸ್ಟ್ ೨೦೨೪

ಅವ್ವ,

ಬರೆಯಲು ನಿಜ ಏನೂ ಇರಲಿಲ್ಲ, ಅದಕ್ಕೇ ಬರೆಯಲಿಲ್ಲ. ದಿನವೂ ವಾಕಿಟಾಕಿ ಹಿಡಿಯುತ್ತಿದ್ದೆ, ತಿಳಿದದ್ದಕ್ಕೆ 'ಸಿ' ಅನ್ನುತ್ತಿದ್ದೆ, ತಿಳಿಯದ್ದಕ್ಕೆ ಸುಮ್ಮನಿರುತ್ತಿದ್ದೆ. ಬೇರೆ ಯಾರಾದರೂ ಉತ್ತರ ಕೊಡಲಿ ಅಂತ ಕಾಯುತ್ತಿದ್ದೆ. ಗುರುವಾರ ಉತ್ತರ ಕೊಡುವವರು ಬೇರೆ ಯಾರೂ ಇರಲಿಲ್ಲ.

ಮೇಲೆ ರೊಡ್ರಿಗೊ. ಕೆಳಗೆ ನಾನು ಮತ್ತು ವಿಲ್ನೆರ್. ವಿಲ್ನೆರ್ ಹೈಟಿ ಅನ್ನುವ ದೇಶದಿಂದ ಕೂಲಿಗೆ ಬಂದವನು, ಕಲ್ಲೇಶನ ಜಾಗಕ್ಕೆ ಹಾಕಿದ್ದಾರೆ. ಅವನು ಗೋಪುರದ ಬುಡದಲ್ಲೇ ನಿಂತಿದ್ದ, ಕಲ್ಲೇಶ್ ಬಗ್ಗಿದ್ದನಲ್ಲ, ಅದೇ ಜಾಗ. ಗಾಳಿ ಎದ್ದಿತ್ತು. ರೊಡ್ರಿಗೊ ಮೇಲಿಂದ ಏನೋ ಅಂದ. ಮಂಡಕ್ಕಿ ಹುರಿದ ಹಾಗೆ. ನನ್ನ ಬಾಯಿಯೊಳಗೆ 'ಸಿ' ಬಂದು ಕೂತಿತ್ತು ಅವ್ವ. ಹಲ್ಲು ಕಚ್ಚಿ ಹಿಡಿದೆ. ಮಾರ್ತಾಳ ಸೌಟು ನೆನೆದೆ. 'ನೋ ಎಂತೆಂದಿ. ರೆಪಿತಾ' ಅಂದೆ.

ಅವನು ಮತ್ತೆ ಹೇಳಿದ, ಇನ್ನೂ ಜೋರಾಗಿ. ಜೋರು ಮಾಡಿದರೆ ಭಾಷೆ ಬರುತ್ತದಾ? 'ನೋ ಎಂತೆಂದಿ.' ಮೂರನೆಯ ಸಲ ಬೈಗುಳ ಸೇರಿಸಿ ಹೇಳಿದ. ಬೈಗುಳ ಮಾತ್ರ ತಿಳಿಯಿತು. ಪಕ್ಕದ ಗೋಪುರಗಳವರೂ ಇದನ್ನೇ ಕೇಳುತ್ತಿದ್ದರು, ಯಾರೋ ನಕ್ಕರು. ವಿಲ್ನೆರ್‌ನನ್ನು ರಟ್ಟೆ ಹಿಡಿದು ಈಚೆ ಎಳೆದು ನಿಲ್ಲಿಸಿಕೊಂಡು, 'ರೆಪಿತಾ, ನಿಧಾನ' ಅಂದೆ.

ನಾಲ್ಕನೆಯ ಸಲ ಅವನು ಒಂದೊಂದೇ ಮಾತು ಬಿಡಿಸಿ ಹೇಳಿದ.

ವ್ಯಾನಿನಲ್ಲಿ ನೀಲಿ ಹಗ್ಗ ಇದೆ, ಕಳಿಸು ಅಂತ.

ಅಷ್ಟೇ ಅವ್ವ! ಒಂದು ಹಗ್ಗ. ಯಾರ ಜೀವವೂ ಅದರಲ್ಲಿ ಇರಲಿಲ್ಲ. ವಾಕಿಟಾಕಿಯಲ್ಲಿ ಎಲ್ಲರೂ ನಕ್ಕಿದ್ದೇ ನಕ್ಕಿದ್ದು. ಸಂಜೆಯವರೆಗೂ ಎದುರಿಗೆ ಸಿಕ್ಕವರೆಲ್ಲ 'ನೀಲಿ ಹಗ್ಗ' ಅಂತ ಅಣಕಿಸಿದರು. ರೊಡ್ರಿಗೊ ಮೇಲಿನವರಿಗೆ ದೂರು ಕೊಟ್ಟಿದ್ದಾನೆ, ಇವಳಿಗೆ ಭಾಷೆ ಬರುವುದಿಲ್ಲ, ಕೆಲಸ ನಿಲ್ಲುತ್ತದೆ ಅಂತ. ಬರುವ ಶುಕ್ರವಾರ ನನ್ನನ್ನು ಕೂರಿಸಿ ಸ್ಪ್ಯಾನಿಷ್‌ನಲ್ಲಿ ಪ್ರಶ್ನೆ ಕೇಳುತ್ತಾರೆ. ಆಗದಿದ್ದರೆ ವಾಪಸ್ ಊರಿಗೆ.

ಊಟಕ್ಕೆ ಒಬ್ಬಳೇ ಕೂತಿದ್ದೆ. ವಿಲ್ನೆರ್ ತಟ್ಟೆ ಹಿಡಿದು ಬಂದು ಎದುರಿಗೆ ಕೂತ. ಅವನ ಸ್ಪ್ಯಾನಿಷ್ ನನ್ನದರಂತೆಯೇ ಮುರುಕಲು, ಅದಕ್ಕೇ ನನಗೆ ಪೂರ್ತಿ ತಿಳಿಯಿತು. 'ಹಗ್ಗ ಅಂದಿದ್ದು ನನಗೂ ತಿಳಿದಿರಲಿಲ್ಲ' ಅಂದ. 'ಎರಡು ವರ್ಷದಿಂದ ಇದ್ದೇನೆ. ಎಲ್ಲದಕ್ಕೂ ಸಿ ಅನ್ನುತ್ತೇನೆ.' ಅಂದು, ತಲೆ ತಗ್ಗಿಸಿ ಉಂಡ.

ಅವನು ತಿಳಿಯದೆ ಸಿ ಅಂದರೆ ಚೀಲ ಬೀಳುವುದು ನನ್ನ ಮೇಲೆ ಅವ್ವ. ನಾನು ಅಂದರೆ ಅವನ ಮೇಲೆ.

ಶುಕ್ರವಾರಕ್ಕೆ ಹೆದರಿಕೆ ಆಗುತ್ತಿದೆ. ಕೆಲಸ ಹೋಗುತ್ತದೆ ಅಂತ ಅಷ್ಟೇ ಅಲ್ಲ. ಅವರ ಮುಂದೆ ಕೂತಾಗ, ಪಾಸಾಗಬೇಕು ಅನ್ನುವ ಆಸೆಗೆ, ತಿಳಿಯದ ಪ್ರಶ್ನೆಗೆ ನನ್ನ ಬಾಯಿ ಮತ್ತೆ ತಾನಾಗಿ ಆಡಿಬಿಟ್ಟರೆ?

ಒಂದು ಹಗ್ಗಕ್ಕೆ ಇಷ್ಟು ರಂಪ ಮಾಡಿದೆನಲ್ಲ, ತಪ್ಪಾ?

ಸ್ವಾತಿ


ಚಿಕ್ಕಜಾಜೂರು
೨೭ ಆಗಸ್ಟ್ ೨೦೨೪

ಮಗಳೇ,

ಶಾಲೆಯ ಒಲೆ ಹೊತ್ತಿಸುವ ಮುಂಚೆ ಕೂತು ಬರೆಯುತ್ತಿದ್ದೇನೆ. ಶುಕ್ರವಾರದೊಳಗೆ ನಿನಗೆ ಸಿಗಬೇಕು.

ಅವರು ನಿನ್ನನ್ನು ಇಟ್ಟುಕೊಳ್ಳುತ್ತಾರೋ ಕಳಿಸುತ್ತಾರೋ ನನಗೆ ಗೊತ್ತಿಲ್ಲ. ಇಟ್ಟುಕೊಂಡರೆ ಮತ್ತೆ ಆ ಗೋಪುರ, ಆ ಗಾಳಿ, ಮತ್ತೆ ನನಗೆ ಫೋನು ಮುಟ್ಟಲು ಭಯ. ಕಳಿಸಿದರೆ ಊರವರ ಬಾಯಿ. 'ಹೋದಷ್ಟೇ ಬೇಗ ಬಂದ್ಲು ನೋಡು' ಅಂತಾರೆ. ಅನ್ನಲಿ. ತಿಳಿಯದ ಪ್ರಶ್ನೆ ಬಂದರೆ ಆ ಮೇಜಿನ ಮುಂದೆಯೂ ತಿಳಿಯಲಿಲ್ಲ ಅನ್ನು. ಅಲ್ಲಿ ಹೂಂ ಅಂದು ಪಾಸಾಗುವುದಕ್ಕಿಂತ ತಿಳಿಯಲಿಲ್ಲ ಅಂದು ಫೇಲಾಗಿ ಬಾ. ನಾನು ಸ್ಟೇಷನ್ನಿಗೆ ಬಂದು ಕರೆದುಕೊಂಡು ಹೋಗುತ್ತೇನೆ.

ಆ ವಿಲ್ನೆರನಿಗೂ ಹೇಳು. ಅವನಿಗೂ ಅವ್ವ ಇರುತ್ತಾಳೆ.

ಹಗ್ಗಕ್ಕೆ ನಾಲ್ಕು ಸಲ ಹೇಳಿಸಿಕೊಂಡಿದ್ದು ತಪ್ಪಾ ಅಂದೆ. ಹಗ್ಗವೋ ಮದ್ದೋ, ಕೇಳುವ ಮುಂಚೆ ಯಾರಿಗೆ ಗೊತ್ತಿರುತ್ತದೆ? ನಿನ್ನಪ್ಪ ಅವತ್ತು 'ತಿಳೀಲಿಲ್ಲ, ಇನ್ನೊಂದ್ಸಲ ಹೇಳ್ರಿ' ಅಂದಿದ್ದರೆ ಏನಾಗುತ್ತಿತ್ತು? ಮೇಸ್ತ್ರಿ ಬೈಯುತ್ತಿದ್ದ. ಕ್ವಾರಿಯವರೆಲ್ಲ ನಗುತ್ತಿದ್ದರು. ಕೂಲಿಯಿಂದ ತೆಗೆದೂ ಹಾಕುತ್ತಿದ್ದರೋ ಏನೋ.

ಬೈಸಿಕೊಂಡು, ಮುಖ ಊದಿಸಿಕೊಂಡು, ಸಂಜೆಗೆ ಮನೆಗೆ ಬರುತ್ತಿದ್ದ.

ನಿನ್ನ ದಾರಿ ಕಾಯುವ,
ಅವ್ವ